ಎಸ್7-300 ಸಿಪಿಯು ನಿಂತಿದೆ: ಅದನ್ನೇ ಹುಡುಕಿ ತರುವುದೋ, ಹೊಸದಕ್ಕೆ ಹೋಗುವುದೋ? ಅನುಭವ ಇರುವವರು ತಿಳಿಸಿ

ಕಾರ್ಕಳದ ಮಿಲ್ಲಿನವರು:
ನಮ್ಮದು ಕುಚ್ಚಲಕ್ಕಿ ಮಿಲ್ಲು. ಭತ್ತ ನೆನೆಹಾಕುವ ತೊಟ್ಟಿ, ಹಬೆ ಮತ್ತು ಡ್ರೈಯರ್‌ಗಳನ್ನು ನಡೆಸುವ ಪ್ಯಾನೆಲ್ಲಿನಲ್ಲಿ 2009ರಲ್ಲಿ ಕೂರಿಸಿದ ಸೀಮೆನ್ಸ್ ಎಸ್7-300 ಪಿಎಲ್‌ಸಿ (ಬರೆದಿಟ್ಟ ಪ್ರೋಗ್ರಾಮಿನಂತೆ ಯಂತ್ರಗಳನ್ನು ನಡೆಸುವ ಚಿಕ್ಕ ಕಂಪ್ಯೂಟರ್) ಇದೆ, ಅದರ ಸಿಪಿಯು 314. ಕಳೆದ ವಾರ ಸಿಡಿಲು ಬಡಿದ ಮೇಲೆ ದೋಷ ತೋರಿಸುವ ಎಸ್‌ಎಫ್ ದೀಪ ಕೆಂಪಗೆ ಉರಿಯುತ್ತಿದೆ, ರನ್‌ಗೆ ಬರುತ್ತಿಲ್ಲ. ಅಳತೆಯ ಸಿಗ್ನಲ್‌ಗಳಿಗೆ ಎರಡು ಅನಲಾಗ್ ಕಾರ್ಡುಗಳಿವೆ, ಬೇರೆ ಸಾಧನಗಳನ್ನು ಜೋಡಿಸುವ ಪ್ರೊಫಿಬಸ್ ಜಾಲ ಇಲ್ಲ. ಪ್ರೋಗ್ರಾಮಿನ ಪ್ರತಿ ನಮ್ಮಲ್ಲಿಲ್ಲ. ಅದೇ ಸಿಪಿಯು ತರಬೇಕೆ, ಸೀಮೆನ್ಸ್‌ನ ಹೊಸ ಸಾಲುಗಳಾದ 1200ಕ್ಕೆ ಅಥವಾ 1500ಕ್ಕೆ ಹೋಗಬೇಕೆ?

ಬೈಕಂಪಾಡಿ, ಗೇರುಬೀಜ ಕಾರ್ಖಾನೆ:
ಅದೇ ಸಿಪಿಯು ತನ್ನಿ. ನಾನು ಇದನ್ನು ಪೆಟ್ಟು ತಿಂದ ಮೇಲೂ ಹೇಳುತ್ತಿದ್ದೇನೆ. 2022ರಲ್ಲಿ ನಮ್ಮ ಸಿಪಿಯು ಸತ್ತಾಗ ಪರವೂರಿನ ವ್ಯಾಪಾರಿಯೊಬ್ಬರಿಂದ 38,000 ರೂಪಾಯಿಗೆ ಹಳೆಯದೊಂದನ್ನು ತರಿಸಿದೆವು. ಅದು ಹನ್ನೊಂದು ದಿನ ನಡೆದು ನಿಂತಿತು, ಹಣ ಮರಳಲಿಲ್ಲ. ಎರಡನೆಯದಕ್ಕೆ 46,000 ಕೊಟ್ಟೆವು. ಅದು ಬಂದ ದಿನವೇ ನಮ್ಮ ಹುಡುಗನೊಬ್ಬ ಪ್ರೋಗ್ರಾಮು ಇರುವ ಹಳೆಯ ಮೆಮೊರಿ ಕಾರ್ಡಿನ ಪ್ರತಿ ತೆಗೆಯಲೆಂದು ಅದನ್ನು ಲ್ಯಾಪ್‌ಟಾಪಿಗೆ ಹಾಕಿದ. ವಿಂಡೋಸ್ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು, ಅವನು ಹೌದೆಂದು ಒತ್ತಿದ. ಆ ಕಾರ್ಡಿನ ಒಳವಿನ್ಯಾಸವೇ ಬೇರೆ, ವಿಂಡೋಸ್ ಫಾರ್ಮ್ಯಾಟ್ ಮಾಡಿದ ಮೇಲೆ ಸಿಪಿಯು ಅದನ್ನು ಮುಟ್ಟುವುದಿಲ್ಲ. ಹೊಸ ಕಾರ್ಡಿಗೆ 9,500, ಪ್ರೋಗ್ರಾಮನ್ನು ಮೊದಲಿನಿಂದ ಬರೆಸಲು 65,000, ಒಟ್ಟು 1,58,500 ರೂಪಾಯಿ, ಒಂಬತ್ತು ದಿನ ಬಾಯ್ಲರ್ ತಣ್ಣಗೆ. ಆದರೂ ಪ್ಯಾನೆಲ್ಲಿನ ಒಂದು ವಯರನ್ನೂ ನಾವು ಬಿಚ್ಚಲಿಲ್ಲ, ಇಂದಿಗೂ ಅದೇ ಸಿಪಿಯು ಓಡುತ್ತಿದೆ. ತಪ್ಪು ಯಂತ್ರದ್ದಲ್ಲ, ನಮ್ಮ ಆತುರದ್ದು.

ಉಳ್ಳಾಲ, ಮೀನುಹುಡಿ ಕಾರ್ಖಾನೆ:
ಹಳೆಯದನ್ನು ಹುಡುಕುವುದು ಎಷ್ಟು ದಿನ? ಎಸ್7-300 ಸಾಲನ್ನು ಕಂಪನಿಯೇ 2023ರ ಅಕ್ಟೋಬರ್‌ನಲ್ಲಿ ಸಾಮಾನ್ಯ ಮಾರಾಟದಿಂದ ತೆಗೆದು ಬಿಡಿಭಾಗದ ಪಟ್ಟಿಗೆ ಇಳಿಸಿದೆ, ಅದೂ 2033ರವರೆಗೆ ಮಾತ್ರ. ನಾನು ಧೈರ್ಯ ಮಾಡಿ 1200ಕ್ಕೆ ಹೋದೆ. ಸಿಪಿಯು ಮತ್ತು ಕಾರ್ಡುಗಳಿಗೆ 71,000 ರೂಪಾಯಿ ಆದಾಗ ಗೆದ್ದೆನೆಂದುಕೊಂಡೆ. ಆದರೆ ನಮ್ಮ ಹಳೆಯ ಪ್ರೋಗ್ರಾಮಿನ ಅರ್ಧ ಭಾಗ ಎಸ್‌ಟಿಎಲ್‌ನಲ್ಲಿ, ಅಂದರೆ ಸಾಲು ಸಾಲಾಗಿ ಆದೇಶ ಬರೆಯುವ ಭಾಷೆಯಲ್ಲಿತ್ತು. 1200 ಎಸ್‌ಟಿಎಲ್ ಅನ್ನು ಸ್ವೀಕರಿಸುವುದಿಲ್ಲ, ಹಳೆಯ ಬಗೆಯ ಎಸ್5 ಟೈಮರುಗಳನ್ನೂ ಸ್ವೀಕರಿಸುವುದಿಲ್ಲ. ಪ್ರೋಗ್ರಾಮಿನ ಒಂದೊಂದು ಬ್ಲಾಕನ್ನೂ (ಭಾಗವನ್ನೂ) ಏಣಿಯಂಥ ಚಿತ್ರದಲ್ಲಿ ಬರೆಯುವ ಲ್ಯಾಡರಿಗೆ ತಿರುಗಿಸಿ ಬರೆಯಬೇಕಾಯಿತು. ಎರಡು ವಾರವೆಂದು ಹೇಳಿದ ಕೆಲಸ ನಾಲ್ಕು ತಿಂಗಳು ಎಳೆಯಿತು, ಕುಕ್ಕರಿನ ಹಬೆಯ ವಾಲ್ವು ತೆರೆಯುವ ಕ್ರಮ ಮೂರು ಸಲ ತಪ್ಪಿತು. ಈಗ ಚೆನ್ನಾಗಿದೆ, ಪ್ರತಿಯೊಂದು ಸಾಲೂ ನನಗೆ ಗೊತ್ತು, ಆ ಹೆಮ್ಮೆ ನನಗಿದೆ.

ಮಣಿಪಾಲ, ಪ್ಯಾನೆಲ್ ತಯಾರಕರು:
ನಾಲ್ಕು ತಿಂಗಳು ಹೋದದ್ದು 1200 ಆರಿಸಿದ್ದರಿಂದ. 1500 ಎಸ್‌ಟಿಎಲ್ ಓದುತ್ತದೆ, ಎಸ್5 ಟೈಮರನ್ನೂ ಉಳಿಸಿಕೊಳ್ಳುತ್ತದೆ. ಸೀಮೆನ್ಸ್‌ನ ಪ್ರೋಗ್ರಾಮಿಂಗ್ ತಂತ್ರಾಂಶವಾದ ಟಿಐಎ ಪೋರ್ಟಲ್‌ನಲ್ಲಿ ವರ್ಗಾಯಿಸಿ, ತಪ್ಪುಗಳನ್ನು ತಿದ್ದಿದರೆ ಕೆಲಸ ಮುಗಿಯುತ್ತದೆ. ಸಿಪಿಯುವಿನಲ್ಲಿ ಉಳಿಸಿದ್ದೆಂದು ನೀವು ಭಾವಿಸಿದ ಹಣ ಬರೆಯುವವನ ಕೂಲಿಗೆ ಹೋಯಿತು. ಇದನ್ನು ಕೊಳ್ಳುವ ಮೊದಲು ಯಾರನ್ನಾದರೂ ಕೇಳಬೇಕಿತ್ತು.

ಉಳ್ಳಾಲ, ಮೀನುಹುಡಿ ಕಾರ್ಖಾನೆ:
ಕೇಳಿದ್ದೆ ಸ್ವಾಮಿ. ಮೂಲ ಪ್ಯಾನೆಲ್ ಮಾಡಿಕೊಟ್ಟವರನ್ನೇ ಕೇಳಿದ್ದೆ. ಅವರು ಮುಖ್ಯ ಬ್ಲಾಕುಗಳಿಗೆ ಬೇರೆಯವರು ಓದದಂತೆ ಪಾಸ್‌ವರ್ಡಿನ ಬೀಗ ಹಾಕಿಟ್ಟಿದ್ದರು, ಬಿಚ್ಚಿಕೊಡಲು 80,000 ಕೇಳಿದರು. ಬೀಗ ಹಾಕಿದ ಬ್ಲಾಕಿನ ಎಸ್‌ಟಿಎಲ್ ಅನ್ನು ನಿಮ್ಮ 1500 ಓದುವುದಾದರೂ ಹೇಗೆ? ಹಣ ಕೊಟ್ಟು ಮಾಡಿಸಿದ ಪ್ರೋಗ್ರಾಮು ಕಾರ್ಖಾನೆಯದೋ, ಬರೆದವರದೋ, ಮೊದಲು ಅದನ್ನು ಹೇಳಿ.

ಮಣಿಪಾಲ, ಪ್ಯಾನೆಲ್ ತಯಾರಕರು:
ನಾನು ಬೀಗ ಹಾಕುವವನಲ್ಲ. ಆದರೆ ಹಾಕುವವರ ನೋವನ್ನು ಬಲ್ಲೆ. ಒಂದು ಸಲ ನಾನು ಬೀಗವಿಲ್ಲದೆ ಕೊಟ್ಟ ಪ್ರೋಗ್ರಾಮು ಆರು ತಿಂಗಳಲ್ಲಿ ಇನ್ನೊಬ್ಬರ ಮೂರು ಪ್ಯಾನೆಲ್ಲುಗಳಲ್ಲಿ ಕುಳಿತಿತ್ತು, ನನ್ನ ಟಿಪ್ಪಣಿಗಳ ಸಮೇತ. ಆ ವರ್ಷ ನಾನು ಇಬ್ಬರು ಹುಡುಗರಿಗೆ ಸಂಬಳ ತಡಮಾಡಿ ಕೊಟ್ಟೆ.

ಮಲ್ಪೆ, ಐಸ್ ಪ್ಲಾಂಟ್:
ನಿಮ್ಮ ಬೀಗದ ಜಗಳ ಆಮೇಲೆ ಇರಲಿ. ಚಿಕ್ಕ ಪ್ಲಾಂಟಿಗೆ ಅಷ್ಟು ದೊಡ್ಡ ಸಿಪಿಯು ಏಕೆ ಎಂದು ನಾನು ಮಿತ್ಸುಬಿಷಿ ಕಂಪನಿಯ ಚಿಕ್ಕ ಪಿಎಲ್‌ಸಿ ಎಫ್‌ಎಕ್ಸ್3ಯು ಇಟ್ಟುಕೊಂಡವನು, ಈಗಲೂ ಅದನ್ನೇ ಇಟ್ಟುಕೊಂಡಿದ್ದೇನೆ. ಅದರ ಪ್ರೋಗ್ರಾಮು ಬ್ಯಾಟರಿಯ ಬಲದಲ್ಲಿ ಉಳಿಯುತ್ತದೆ. ಬ್ಯಾಟರಿ ಇಳಿದಿದೆಯೆಂದು ಹೇಳುವ ಬ್ಯಾಟ್ ದೀಪ ಮಾರ್ಚಿನಿಂದಲೇ ಉರಿಯುತ್ತಿದ್ದುದನ್ನು ನಾನೇ ಕಂಡಿದ್ದೆ, ಮೀನುಗಾರಿಕೆ ನಿಂತ ಮೇಲೆ ನೋಡೋಣವೆಂದು ಬಿಟ್ಟಿದ್ದೆ. ಜೂನ್ 1ರಿಂದ ಜುಲೈ 31ರವರೆಗಿನ ಅರುವತ್ತೊಂದು ದಿನದ ನಿಷೇಧದಲ್ಲಿ ಮೈನ್ ಇಳಿಸಿ ಬಾಗಿಲು ಹಾಕಿದೆವು. ಆಗಸ್ಟಿನ ಮೊದಲ ದಿನ ಬೋಟುಗಳು ಐಸಿಗೆ ಕಾಯುತ್ತಿದ್ದಾಗ ಪಿಎಲ್‌ಸಿ ಖಾಲಿಯಾಗಿತ್ತು. ಕಂಪ್ರೆಸರನ್ನು ನಾಲ್ಕು ದಿನ ಕೈಯಲ್ಲೇ ನಡೆಸಿದೆವು, ಮೂವರು ಪಾಳಿಯಲ್ಲಿ ಗೇಜಿನ ಮುಂದೆ ನಿಂತಿದ್ದರು. ಬ್ಯಾಟರಿಯ ಬೆಲೆ ಎರಡು ಸಾವಿರವೂ ಇರಲಿಲ್ಲ. ಹಳೆಯ ಗಿರಾಕಿಗಳು ಐದು ಮಂದಿ ಬೇರೆ ಕಡೆಗೆ ಹೋದರು, ಇಬ್ಬರು ಇನ್ನೂ ಮರಳಿಲ್ಲ.

ಸುರತ್ಕಲ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್:
ಕಾರ್ಕಳದವರೇ, ಎಸ್‌ಎಫ್ ಉರಿದ ಮಾತ್ರಕ್ಕೆ ಸಿಪಿಯು ಸತ್ತಿತೆಂದು ಅರ್ಥವಲ್ಲ. ಸಿಡಿಲು ಸಾಮಾನ್ಯವಾಗಿ ಒಳಬರುವುದು ಅಂಗಳದಲ್ಲಿ ಎಳೆದ ಸಿಗ್ನಲ್ ಕೇಬಲಿನ ಮೂಲಕ, ಮೊದಲ ಏಟು ಅನಲಾಗ್ ಕಾರ್ಡಿಗೆ ಬೀಳುತ್ತದೆ. ಕಾರ್ಡು ಉತ್ತರ ಕೊಡದಿದ್ದಾಗ ಪ್ರೋಗ್ರಾಮಿನಲ್ಲಿ ಆ ದೋಷವನ್ನು ನಿಭಾಯಿಸುವ ಓಬಿ 122 ಎಂಬ ಬ್ಲಾಕ್ ಇಲ್ಲದಿದ್ದರೆ ಸಿಪಿಯು ತಾನಾಗಿಯೇ ಸ್ಟಾಪಿಗೆ ಹೋಗುತ್ತದೆ. ಲ್ಯಾಪ್‌ಟಾಪನ್ನು ಸಿಪಿಯುವಿಗೆ ಜೋಡಿಸುವ ಎಂಪಿಐ ಅಡಾಪ್ಟರ್ ಹಚ್ಚಿ ಡಯಾಗ್ನೋಸ್ಟಿಕ್ ಬಫರ್ (ಸಿಪಿಯು ತಾನೇ ಬರೆದಿಡುವ ದೋಷಗಳ ದಾಖಲೆ) ಓದಿ, ಅದರಲ್ಲಿ ಕಾರಣ ಬರೆದಿರುತ್ತದೆ. ಕೂಡಲೇ ಪ್ರೋಗ್ರಾಮನ್ನು ಸಿಪಿಯುವಿನಿಂದ ಲ್ಯಾಪ್‌ಟಾಪಿಗೆ ಅಪ್‌ಲೋಡ್ ಮಾಡಿಕೊಳ್ಳಿ. ಹೆಸರುಗಳೂ ಟಿಪ್ಪಣಿಗಳೂ ಬರುವುದಿಲ್ಲ, ತರ್ಕ ಬರುತ್ತದೆ. ಮೆಮೊರಿ ಕಾರ್ಡನ್ನು ವಿದ್ಯುತ್ ತೆಗೆಯದೆ ಹೊರಗೆಳೆಯಬೇಡಿ. ನಮ್ಮ ಮುರಕಲ್ಲಿನ ನೆಲದಲ್ಲಿ ಅರ್ತಿಂಗ್ ಸುಲಭಕ್ಕೆ ಸಿಗುವುದಿಲ್ಲ, ಬೇಸಿಗೆಯಲ್ಲಿ ಅಳೆಸಿ ನೋಡಿ.

ಬೈಕಂಪಾಡಿ, ಗೇರುಬೀಜ ಕಾರ್ಖಾನೆ:
ಅರ್ತಿಂಗ್ ನಾವೂ ಮಾಡಿಸಿದ್ದೆವು, ಎರಡು ಗುಂಡಿ, 34,000 ರೂಪಾಯಿ. ಅದಾದ ಮೇಲೂ ಬಾಯ್ಲರಿನ ನೀರಿನ ಮಟ್ಟ ಅಳೆಯುವ ಲೆವೆಲ್ ಟ್ರಾನ್ಸ್‌ಮಿಟರ್ ಹೋಯಿತು. ಪಿಎಲ್‌ಸಿ ನೀರಿನ ಮಟ್ಟ ಸರಿಯಿದೆಯೆಂದೇ ತೋರಿಸುತ್ತಿತ್ತು.

ಸುರತ್ಕಲ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್:
ನೀರು ಇಳಿದರೆ ಬೆಂಕಿ ನಿಲ್ಲಿಸುವ ಕೆಲಸವನ್ನು ಒಂದೇ ಟ್ರಾನ್ಸ್‌ಮಿಟರಿಗೂ ಪಿಎಲ್‌ಸಿಗೂ ಬಿಟ್ಟಿದ್ದಿರೇ? ಅದು ಪ್ರತ್ಯೇಕ ಫ್ಲೋಟ್ ಸ್ವಿಚ್ಚಿನಿಂದ ನೇರವಾಗಿ ರಿಲೇಗೆ ಹೋಗಬೇಕು, ಸಿಪಿಯು ಬದುಕಿರಲಿ ಸಾಯಲಿ.

ಬೈಕಂಪಾಡಿ, ಗೇರುಬೀಜ ಕಾರ್ಖಾನೆ:
ಈಗ ಹಾಗೆಯೇ ಇದೆ. ಆದರೆ ಹದಿನಾಲ್ಕು ವರ್ಷ ವರ್ಷಕ್ಕೊಮ್ಮೆ ಬಂದು ನೋಡಿದ ಯಾರೊಬ್ಬರೂ ನನಗೆ ಹಾಗೆ ಹೇಳಿರಲಿಲ್ಲ. ದಯವಿಟ್ಟು ನನ್ನೊಡನೆ ಆ ಧ್ವನಿಯಲ್ಲಿ ಮಾತನಾಡಬೇಡಿ.

ಉಳ್ಳಾಲ, ಮೀನುಹುಡಿ ಕಾರ್ಖಾನೆ:
ಪ್ರೋಗ್ರಾಮು ಯಾರದೆಂಬ ನನ್ನ ಪ್ರಶ್ನೆಗೆ ಮಣಿಪಾಲದವರು ಇನ್ನೂ ಉತ್ತರ ಕೊಟ್ಟಿಲ್ಲ.

ಮಣಿಪಾಲ, ಪ್ಯಾನೆಲ್ ತಯಾರಕರು:
ಕೊಡುತ್ತೇನೆ. ನನ್ನ ಲೆಕ್ಕದಲ್ಲಿ ಕೊನೆಯ ಕಂತು ಬಂದ ದಿನ ಪ್ರೋಗ್ರಾಮು ಕಾರ್ಖಾನೆಯದು. ನಿಮ್ಮ ಪ್ಯಾನೆಲ್ ಮಾಡಿದವರಿಗೆ ಕೊನೆಯ ಕಂತು ಹೋಗಿತ್ತೇ?

ಉಳ್ಳಾಲ, ಮೀನುಹುಡಿ ಕಾರ್ಖಾನೆ:
ರಸೀದಿ ನನ್ನ ಮೇಜಿನಲ್ಲಿದೆ, ತಾರೀಕು ಸಮೇತ.

ಕಾರ್ಕಳದ ಮಿಲ್ಲಿನವರು:
ನಾಳೆ ಎಂಪಿಐ ಅಡಾಪ್ಟರ್ ತರಲು ಮಂಗಳೂರಿಗೆ ಬರುತ್ತಿದ್ದೇನೆ. ಕಾರ್ಡನ್ನು ಮುಟ್ಟಿಲ್ಲ. ಬಾಡಿಗೆಗೆ ಅಡಾಪ್ಟರ್ ಇರುವವರು ತಿಳಿಸಿ, ತೊಟ್ಟಿಯಲ್ಲಿ ನೆನೆದ ಭತ್ತ ಹುಳಿಯಾಗುತ್ತಿದೆ.