ಎರಡು ಸಲ ಟೆಂಪರ್ ಮಾಡಿದ್ರೂ ಚಾಕು ಬಾಯಿ ಚಕ್ಕೆ ಏಳ್ತಿದೆ

ಕೇಳಿದವರು: ಮೂರು ವಾರದ ಕೆಲಸ, ತಲೆ ಕೆಟ್ಟುಹೋಗಿದೆ. ಕಾಯಿಸಿದ ಅಲಗನ್ನ ಎಣ್ಣೆಯಲ್ಲಿ ಅದ್ದಿ ಕ್ವೆಂಚ್ ಮಾಡಿದೆ, ಅಂದ್ರೆ ಗಡಸು ಬರ್ಲಿ ಅಂತ ತಟ್ಟನೆ ತಣಿಸಿದೆ. ಅರ ಹಾಕಿ ನೋಡಿದ್ರೆ ಗಾಜಿನ ಮೇಲೆ ಜಾರಿದ ಹಾಗೆ ಜಾರ್ತು, ಅಂದ್ರೆ ಗಡಸು ಬಂದಿದೆ. ಆಮೇಲೆ ಪೆಡಸು ಇಳೀಲಿ ಅಂತ ಟೆಂಪರ್ ಮಾಡಿದೆ: ಓವನ್‌ನಲ್ಲಿ 200 ಡಿಗ್ರಿ, ಎರಡೆರಡು ಗಂಟೆ, ಎರಡು ಸಲ. ಸಾಣೆ ಹಿಡಿದು ಒಣ ಮರ ಕೆತ್ತಿದ್ದೇ ತಡ, ಬಾಯಲ್ಲಿ ಉಗುರಿನ ತುದಿಯಷ್ಟು ಚಕ್ಕೆ ಹಾರಿಹೋಯ್ತು. ಮೂರನೇ ಸಲ ಟೆಂಪರ್ ಮಾಡ್ಲಾ?

ಉತ್ತರ 1: ಓವನ್ ಡಯಲ್ ನಂಬಲೇಬೇಡಿ. ಒಳಗೆ ಬೇರೆ ಥರ್ಮಾಮೀಟರ್ ಇಡಿ. ಮರಳು ತುಂಬಿದ ಟ್ರೇನಲ್ಲಿ ಅಲಗು ಹೂತಿಟ್ರೆ ಶಾಖದ ಏರಿಳಿತ ಕಮ್ಮಿ.

ಉತ್ತರ 2: ಸ್ಟೀಲ್ ಯಾವುದು ಅಂತಲೇ ಹೇಳಿಲ್ವಲ್ಲ ಸರ್? ಗ್ರೇಡ್ 1084ಆ, 5160ಆ?

ಕೇಳಿದವರು: ಹಳೇ ಅರದ್ದು. ಹೈ ಕಾರ್ಬನ್ನೇ ಅಲ್ವಾ. ಥರ್ಮಾಮೀಟರ್ ಇಟ್ಟೆ, 195-205 ತೋರಿಸ್ತು.

ಉತ್ತರ 1: ಎಲ್ಲಿಟ್ರಿ? ಕಾಯಿಲ್ ಪಕ್ಕ ಇಟ್ರೆ ಜಾಸ್ತಿ ತೋರಿಸುತ್ತೆ.

ಉತ್ತರ 3: ಥರ್ಮಾಮೀಟರ್ ಯಾಕೆ? ಅಲಗು ಉಜ್ಜಿ ಬೆಳ್ಳಗೆ ಮಾಡಿ ಬಣ್ಣ ನೋಡಿ. ತಿಳಿ ಹಳದಿ ಅಂದ್ರೆ 205 ಆಸುಪಾಸು, ನೀಲಿ ಅಂದ್ರೆ 300.

ಉತ್ತರ 1: ಎರಡು ಗಂಟೆ ಇಟ್ರೆ ಕಮ್ಮಿ ಶಾಖಕ್ಕೇ ಬಣ್ಣ ಗಾಢ ಆಗುತ್ತೆ. ಅದಕ್ಕೇ ನಾನು ಶಾಖ ತಾನೇ ಒಂದೇ ಸಮ ಇಡೋ ಪಿಐಡಿ ಕಂಟ್ರೋಲರ್ ಹಾಕಿ ಫರ್ನೇಸ್ ಕಟ್ಕೊಂಡಿದ್ದು. ಎರಡು ಡಿಗ್ರಿ ಆಚೀಚೆ ಹೋಗಲ್ಲ.

ಉತ್ತರ 3: ಕುಲುಮೆ ಬೆಳಕಲ್ಲಿ ಬಣ್ಣ ನೋಡೇ ಎಷ್ಟೋ ಚಾಕು ಮಾಡಿದೀನಿ, ಒಂದೂ ಚಕ್ಕೆ ಎದ್ದಿಲ್ಲ.

ಉತ್ತರ 2: ಅದು ಆಮೇಲೆ. ಕ್ವೆಂಚ್‌ಗೆ ಮುಂಚೆ ಎಷ್ಟು ಕಾಯಿಸಿದ್ರಿ? ಮುರಿದ ಜಾಗ ಭೂತಗನ್ನಡೀಲಿ ನೋಡಿ. ರೇಷ್ಮೆ ಥರ ಬೂದು ಬಣ್ಣ ಇದ್ಯಾ, ಮರಳಿನ ಥರ ಮಿನುಗುತ್ತಾ?

ಕೇಳಿದವರು: ಮ್ಯಾಗ್ನೆಟ್ ಹಿಡಿಯೋದು ಬಿಟ್ಟಮೇಲೂ, ಕಮ್ಮಿ ಆಗಬಾರದು ಅಂತ ಹಳದಿ ಬರೋವರೆಗೆ ಕಾಯಿಸಿ ಐದು ನಿಮಿಷ ಬಿಟ್ಟಿದ್ದೆ. ಮರಳಿನ ಥರಾನೇ ಮಿನುಗ್ತಿದೆ.

ಉತ್ತರ 2: ಕೆಟ್ಟಿದ್ದು ಅಲ್ಲೇ. ಮ್ಯಾಗ್ನೆಟ್ ಬಿಡೋದು 770 ಹತ್ತಿರ. 800 ಚೂರು ದಾಟಿದ್ರೆ ಸಾಕು. ಹಳದಿ ಅಂದ್ರೆ ಸಾವಿರ ದಾಟಿರುತ್ತೆ, ಉಕ್ಕಿನ ಕಣ ದಪ್ಪ ಆಗಿಬಿಡುತ್ತೆ. ಟೆಂಪರಿಂಗ್ ಗಡಸು ಇಳಿಸುತ್ತೆ ಅಷ್ಟೇ, ಕಣ ಸಣ್ಣ ಮಾಡಲ್ಲ. ಕಣ ಸಣ್ಣ ಆಗ್ಬೇಕು ಅಂದ್ರೆ ಮತ್ತೆ ಕಾಯಿಸಿ ಗಾಳೀಲೇ ಆರಿಸಿ, ಮೂರು ಸಲ, ಪ್ರತಿ ಸಲ ಶಾಖ ಸ್ವಲ್ಪ ಇಳಿಸ್ತಾ ಬನ್ನಿ. ಆಮೇಲೆ ಕ್ವೆಂಚ್. ಕೈಲಿ ಹಿಡಿಯೋ ಹಾಗಾದ ತಕ್ಷಣ ಓವನ್‌ಗೆ ಹಾಕಿ. ರಾತ್ರಿಯಿಡೀ ಹಾಗೇ ಬಿಟ್ರೆ ಸೀಳಬಹುದು. ಅರದ ಸ್ಟೀಲ್‌ಗೆ ನಾನಾಗಿದ್ರೆ 220ಕ್ಕೆ ಇಡ್ತೀನಿ.

ಉತ್ತರ 1: ಆದ್ರೂ ಆ ಓವನ್ ಒಂದ್ಸಲ ಚೆಕ್ ಮಾಡಿ.

ಕೇಳಿದವರು: ಮೂರನೇ ಸಲ ಆರೋಕೆ ಇಟ್ಟಿದೀನಿ. ತುದಿ ಬಲಕ್ಕೆ ಒಂದೆಳೆ ಬಾಗಿದ ಹಾಗಿದೆ. ಈಗಲೇ ನೆಟ್ಟಗೆ ಮಾಡ್ಲಾ, ಕ್ವೆಂಚ್ ಆದ್ಮೇಲಾ?