ಕ್ಲಾಸಿಕ್ 350 ಹೆಡ್‌ಲೈಟ್ ತುಂಬಾ ಮಂಕು: ಎಲ್‌ಇಡಿ ಹಾಕಲೋ, 100/90 ಹಾಕಲೋ?

ಹಾಸನ_350

ಗಾಡಿ 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಬಲ್ಬ್ ಎಚ್4 (ಡಿಮ್, ಬ್ರೈಟ್ ಎರಡೂ ಒಂದರಲ್ಲೇ ಇರುವ ಬಗೆ), 60/55 ವ್ಯಾಟ್ ಹ್ಯಾಲೊಜೆನ್ (ಬ್ರೈಟ್‌ಗೆ 60, ಡಿಮ್‌ಗೆ 55), ಹೋದ ವರ್ಷ ಬದಲಿಸಿದ್ದು. ಡಿಮ್‌ನಲ್ಲಿ ಬೆಳಕು ಅರಿಶಿನದ ಬಣ್ಣಕ್ಕಿದೆ. ಇಂಡಿಕೇಟರ್ ಹಾಕಿದರೆ ಅದರ ಜೊತೆಗೆ ಹೆಡ್‌ಲೈಟೂ ಮಿಣುಕುತ್ತದೆ. ಎಂಜಿನ್ ಆಫ್ ಇದ್ದು ಕೀ ಆನ್ ಮಾಡಿದರೂ ಲೈಟ್ ಉರಿಯುತ್ತದೆ. ವಾರಕ್ಕೆ ಎರಡು ಸಲ ರಾತ್ರಿ ಸಕಲೇಶಪುರದ ಕಡೆ ಓಡಾಟ ಇದೆ. ಎದುರಿನ ಲಾರಿ ದಾಟಿ ಹೋದ ಮೇಲೆ ರಸ್ತೆಯ ಅಂಚು ಕಾಣುವುದೇ ಇಲ್ಲ.

ಅಂಗಡಿಯವರು ಎರಡು ದಾರಿ ಹೇಳುತ್ತಿದ್ದಾರೆ. ಒಂದು, 100/90 ವ್ಯಾಟ್ ಹ್ಯಾಲೊಜೆನ್, ಇರುವ ಹೋಲ್ಡರಿಗೇ ಕೂರುತ್ತದೆ. ಇನ್ನೊಂದು, ಫ್ಯಾನ್ ಇರುವ ಎಚ್4 ಎಲ್‌ಇಡಿ ಬಲ್ಬ್, 6500 ಕೆಲ್ವಿನ್ (ತಣ್ಣನೆಯ ಬಿಳಿ ಬೆಳಕು). ಯಾವುದು ಒಳ್ಳೆಯದು? ಅಥವಾ ಎರಡೂ ಬಿಟ್ಟು ಫಾಗ್ ಲ್ಯಾಂಪ್ ಹಾಕಿಸಲೇ?

---

ವೈರಿಂಗ್_ಮೇಷ್ಟ್ರು

ಸರ್, ಸದ್ಯಕ್ಕೆ ಯಾವುದನ್ನೂ ಕೊಳ್ಳಬೇಡಿ. ಇಂಡಿಕೇಟರ್ ಜೊತೆ ಹೆಡ್‌ಲೈಟ್ ಮಿಣುಕುತ್ತಿದೆ ಎಂದರೆ ತೊಂದರೆ ಬಲ್ಬಿನದಲ್ಲ, ಬಲ್ಬಿಗೆ ಕರೆಂಟ್ ಪೂರ್ತಿ ತಲುಪುತ್ತಿಲ್ಲ. ಮೊದಲು ಮಲ್ಟಿಮೀಟರ್ ಹಿಡಿಯಿರಿ. ಡಿಸಿ 20 ವೋಲ್ಟ್ ರೇಂಜಿಗೆ ಇಟ್ಟು, ಎಂಜಿನ್ ಸ್ಟಾರ್ಟ್ ಮಾಡಿ ಸುಮಾರು 2500 ಆರ್‌ಪಿಎಂನಲ್ಲಿ ನಿಲ್ಲಿಸಿ, ಡಿಮ್ ಆನ್ ಮಾಡಿ ಈ ನಾಲ್ಕು ಅಳತೆ ತೆಗೆಯಿರಿ:

1. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ.
2. ಬಲ್ಬ್ ಹೋಲ್ಡರಿನ ಹಿಂಬದಿಯಿಂದ, ಡಿಮ್ ಪಿನ್ ಮತ್ತು ಅರ್ಥ್ ಪಿನ್ ನಡುವೆ. ಹೋಲ್ಡರ್ ಕಳಚಬೇಡಿ, ಬಲ್ಬ್ ಉರಿಯುತ್ತಲೇ ಇರಬೇಕು. ಕಳಚಿ ಅಳೆದರೆ ಲೋಡ್ ಇರುವುದಿಲ್ಲ, ಮೀಟರ್ 13.9 ತೋರಿಸಿ ದಾರಿ ತಪ್ಪಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.
3. ಬ್ಯಾಟರಿ ಪ್ಲಸ್‌ನಿಂದ ಹೋಲ್ಡರಿನ ಡಿಮ್ ಪಿನ್‌ಗೆ. ಪ್ಲಸ್ ದಾರಿಯಲ್ಲಿ ಎಷ್ಟು ಕಳೆದುಹೋಗುತ್ತಿದೆ ಎಂದು ಗೊತ್ತಾಗುತ್ತದೆ.
4. ಹೋಲ್ಡರಿನ ಅರ್ಥ್ ಪಿನ್‌ನಿಂದ ಬ್ಯಾಟರಿ ಮೈನಸ್‌ಗೆ. ಇದು ಅರ್ಥಿಂಗ್ ಕಡೆಯ ನಷ್ಟ.

ಬ್ಯಾಟರಿಯಲ್ಲಿ 13.8ರಿಂದ 14.4 ಬರಬೇಕು. ಅದೇ 15 ದಾಟಿದ್ದರೆ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಮಿತಿಯಲ್ಲಿಡುವ ಭಾಗ) ಕೆಟ್ಟಿದೆ ಎಂದರ್ಥ. ಆಗ ಯಾವ ಬಲ್ಬ್ ಹಾಕಿದರೂ ಸುಡುತ್ತದೆ, ಮೊದಲು ಅದನ್ನು ಸರಿ ಮಾಡಿಸಿ.

---

ಹಾಸನ_350

ಅಳೆದೆ. ಬ್ಯಾಟರಿಯಲ್ಲಿ 13.9. ಹೋಲ್ಡರಿನಲ್ಲಿ 11.8. ಪ್ಲಸ್ ಕಡೆ ನಷ್ಟ 1.5, ಅರ್ಥ್ ಕಡೆ 0.6. ಹೋಲ್ಡರಿನ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ತಿರುಗಿದೆ, ಆ ಪಿನ್ ಸ್ವಲ್ಪ ಸಡಿಲ ಇದೆ.

---

ವೈರಿಂಗ್_ಮೇಷ್ಟ್ರು

ಸಿಕ್ಕಿತಲ್ಲ. ಬ್ಯಾಟರಿಯಿಂದ ಬಲ್ಬಿಗೆ ಬರುವಷ್ಟರಲ್ಲಿ 2.1 ವೋಲ್ಟ್ ಸೋರಿಹೋಗುತ್ತಿದೆ.

ಎರಡು ವೋಲ್ಟ್ ಏನು ಮಹಾ ಅನ್ನಿಸಬಹುದು. ಆದರೆ ಹ್ಯಾಲೊಜೆನ್ ಬೆಳಕು ವೋಲ್ಟೇಜಿನ ಸಮಕ್ಕೆ ಇಳಿಯುವುದಿಲ್ಲ, ಸರಿಸುಮಾರು ಅದರ 3.4ನೇ ಘಾತಕ್ಕೆ ಇಳಿಯುತ್ತದೆ. ಎಚ್4 ಬಲ್ಬಿನ ಡಿಮ್ ಫಿಲಮೆಂಟ್ 13.2 ವೋಲ್ಟಿಗೆ ಸುಮಾರು 1000 ಲೂಮೆನ್ (ಬೆಳಕಿನ ಪ್ರಮಾಣದ ಅಳತೆ) ಕೊಡುವಂಥದ್ದು. ನಿಮ್ಮ 11.8ಕ್ಕೆ ಅದು 680ರ ಆಸುಪಾಸು. ಹೋಲ್ಡರಿನಲ್ಲಿ 13.5 ಸಿಗುವಂತೆ ಮಾಡಿದರೆ ಅದೇ ಬಲ್ಬ್ 1080 ಕೊಡುತ್ತದೆ. ಅರಿಶಿನ ಬಣ್ಣವೂ ಹೋಗುತ್ತದೆ, ಫಿಲಮೆಂಟ್ ಸಾಕಷ್ಟು ಕಾಯದೇ ಇರುವುದೇ ಆ ಬಣ್ಣಕ್ಕೆ ಕಾರಣ. ಬಲ್ಬಿನ ಆಯಸ್ಸು ಸ್ವಲ್ಪ ಕಡಿಮೆಯಾಗುತ್ತದೆ ಎನ್ನುವುದು ನಿಜ. ಆದರೂ ಒಪ್ಪಿಕೊಳ್ಳಬಹುದಾದ ವ್ಯಾಪಾರ.

ಈಗ ಅಂಗಡಿಯವರ 100/90 ಯಾಕೆ ಬೇಡ ಎಂದು ನೋಡಿ. ನಷ್ಟ ಹೆಚ್ಚುವುದು ಆಂಪಿಯರ್ ಹೆಚ್ಚಿದ ಹಾಗೆ. 55 ವ್ಯಾಟಿಗೆ ನಾಲ್ಕೂವರೆ ಆಂಪಿಯರ್ ಹರಿಯುವಾಗಲೇ 2 ವೋಲ್ಟ್ ಹೋಗುತ್ತಿದ್ದರೆ, 90 ವ್ಯಾಟಿಗೆ 7 ಆಂಪಿಯರ್ ಎಳೆದಾಗ 3 ವೋಲ್ಟಿಗೂ ಮೇಲೆ ಹೋಗುತ್ತದೆ. ಆ ಶಕ್ತಿಯೆಲ್ಲ ಬಿಸಿಯಾಗುವುದು ನಿಮ್ಮ ಡಿಪ್ಪರ್ ಸ್ವಿಚ್ಚಿನಲ್ಲಿ (ಡಿಮ್–ಬ್ರೈಟ್ ಬದಲಿಸುವ ಸ್ವಿಚ್) ಮತ್ತು ಈಗಾಗಲೇ ಕಂದಿರುವ ಆ ಹೋಲ್ಡರಿನಲ್ಲಿ. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ (ಬಲ್ಬಿನ ಸುತ್ತ ಇರುವ ಕನ್ನಡಿಯಂಥ ಬಟ್ಟಲು) ಬೆಳ್ಳಿಬಣ್ಣದ ಲೇಪ ಮಂಕಾಗುತ್ತದೆ.

ಮಾಡಬೇಕಾದ್ದು ರಿಲೇ ವೈರಿಂಗ್. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್–ಆಫ್ ಮಾಡುವ ಸ್ವಿಚ್. ಸಾಮಾನು ಇಷ್ಟು: 12 ವೋಲ್ಟ್ 30 ಆಂಪಿಯರ್ ನಾಲ್ಕು ಪಿನ್ ರಿಲೇ ಎರಡು (ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು), ಸೆರಾಮಿಕ್ ಎಚ್4 ಹೋಲ್ಡರ್, ಬ್ಲೇಡ್ ಫ್ಯೂಸ್ ಹೋಲ್ಡರ್ ಜೊತೆಗೆ 15 ಆಂಪಿಯರ್ ಫ್ಯೂಸ್, ಪವರ್ ಲೈನಿಗೆ 2.5 ಚದರ ಮಿ.ಮೀ. ವೈರ್ 3 ಮೀಟರ್, ರಿಲೇಯ ಕಾಯಿಲ್‌ಗೆ (ಆ ಸಣ್ಣ ಕರೆಂಟ್ ಹರಿಯುವ ಸುರುಳಿ) 0.75 ಚದರ ಮಿ.ಮೀ. ವೈರ್ 1 ಮೀಟರ್, ಲಗ್ಗುಗಳು (ವೈರಿನ ತುದಿಗೆ ಒತ್ತುವ ಲೋಹದ ತುಣುಕು), ಸ್ಲೀವ್. ತಾಮ್ರದ್ದೇ ಆಗಲಿ, ತಾಮ್ರದ ಬಣ್ಣ ಬಳಿದ ಅಲ್ಯುಮಿನಿಯಂ ವೈರ್ ಬೇಡ. ಚಾಕುವಿನಿಂದ ಎಳೆಯನ್ನು ಕೆರೆದರೆ ಒಳಗೆ ಬಿಳಿ ಕಾಣುತ್ತದೆ.

ಜೋಡಣೆ:
- ಬ್ಯಾಟರಿ ಪ್ಲಸ್ → ಫ್ಯೂಸ್ → ಎರಡೂ ರಿಲೇಗಳ 30ನೇ ಪಿನ್. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣು ದೂರದೊಳಗೇ ಇರಬೇಕು. ಹೆಡ್‌ಲೈಟ್ ಹತ್ತಿರ ಇಟ್ಟರೆ ನಡುವಿನ ವೈರ್ ಟ್ಯಾಂಕ್ ಕೆಳಗೆ ಉಜ್ಜಿ ಶಾರ್ಟ್ ಆದಾಗ ಕಾಪಾಡುವವರು ಯಾರೂ ಇಲ್ಲ.
- 87ನೇ ಪಿನ್ → ಹೊಸ ಹೋಲ್ಡರಿನ ಡಿಮ್ ಪಿನ್. ಇನ್ನೊಂದು ರಿಲೇಯ 87 → ಬ್ರೈಟ್ ಪಿನ್.
- 86ನೇ ಪಿನ್ → ಹಳೆಯ ಹೋಲ್ಡರಿಗೆ ಬರುತ್ತಿದ್ದ ಡಿಮ್ ವೈರ್. ಎರಡನೆಯದರದು ಬ್ರೈಟ್ ವೈರ್. ಇನ್ನು ಮೇಲೆ ಸ್ವಿಚ್ಚಿನ ಮೂಲಕ ಹರಿಯುವುದು ಐದು ಆಂಪಿಯರ್ ಅಲ್ಲ, ಬರೀ 0.15–0.2.
- 85 ಎರಡೂ → ಅರ್ಥ್.
- ಹೊಸ ಹೋಲ್ಡರಿನ ಅರ್ಥ್ → 2.5 ವೈರಿನಲ್ಲಿ ನೇರ ಬ್ಯಾಟರಿ ಮೈನಸ್‌ಗೆ. ನಿಮ್ಮ 0.6 ನಷ್ಟ ಇರುವುದು ಇಲ್ಲಿ, ಪ್ಲಸ್ ಮಾತ್ರ ಸರಿ ಮಾಡಿದರೆ ಅರ್ಧ ಕೆಲಸ ಆದಂತೆ.

ಮೂಲ ವೈರಿಂಗನ್ನು ಎಲ್ಲೂ ಕತ್ತರಿಸಬೇಡಿ. ಹಳೆ ಹೋಲ್ಡರಿನ ಪಿನ್ನುಗಳಿಗೆ ಲಗ್ ತೂರಿಸಿ ಸಿಗ್ನಲ್ ತೆಗೆದುಕೊಳ್ಳಿ. ದಾರಿಯಲ್ಲಿ ರಿಲೇ ಕೈಕೊಟ್ಟರೆ ಹಳೆ ಹೋಲ್ಡರನ್ನೇ ಬಲ್ಬಿಗೆ ಸಿಕ್ಕಿಸಿ ಮನೆ ಸೇರಬಹುದು. ಹ್ಯಾಂಡಲ್ ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿದ ಮೇಲೆಯೇ ವೈರ್ ಕಟ್ಟಿ, ಬಿಗಿಯಾಗಿ ಎಳೆದಿದ್ದರೆ ಕುತ್ತಿಗೆಯ ಹತ್ತಿರ ವೈರ್ ಒಳಗೊಳಗೇ ತುಂಡಾಗುತ್ತದೆ.

ಬಲ್ಬಿನ ಗಾಜನ್ನು ಬೆರಳಲ್ಲಿ ಮುಟ್ಟಬೇಡಿ. ಮುಟ್ಟಿದರೆ ಸ್ಪಿರಿಟ್ ಹಚ್ಚಿ ಒರೆಸಿ ಒಣಗಿಸಿ. ಬೆರಳಿನ ಜಿಡ್ಡು ಇರುವ ಕಡೆ ಗಾಜು ಮಿತಿಮೀರಿ ಕಾದು ಬಲ್ಬ್ ಬೇಗ ಹೋಗುತ್ತದೆ.

---

ಘಾಟಿ_ದಾರಿ

ಮೇಷ್ಟ್ರು ವೈರಿಂಗ್ ಬಗ್ಗೆ ಹೇಳಿದ್ದಕ್ಕೆ ಸೇರಿಸುವುದೇನೂ ಇಲ್ಲ. ಎಲ್‌ಇಡಿ ಬಗ್ಗೆ ಒಂದು ಮಾತು.

ಎಚ್4 ಬಲ್ಬನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಡಿಮ್ ಫಿಲಮೆಂಟಿನ ಕೆಳಗೆ ದೋಣಿಯ ಆಕಾರದ ಪುಟ್ಟ ಲೋಹದ ಬಟ್ಟಲು ಕಾಣುತ್ತದೆ. ರಿಫ್ಲೆಕ್ಟರಿನ ಕೆಳ ಅರ್ಧಕ್ಕೆ ಬೆಳಕು ಬೀಳದಂತೆ ತಡೆಯುವುದು ಅದೇ. ಗೋಡೆಯ ಮೇಲೆ ‘ಇಲ್ಲಿಂದ ಮೇಲೆ ಕತ್ತಲು’ ಎಂಬ ಗೆರೆ ಮೂಡುವುದು ಅದರಿಂದ. ರಿಫ್ಲೆಕ್ಟರಿನ ಪ್ರತಿ ಬಾಗೂ ಆ ಫಿಲಮೆಂಟ್ ಇರುವ ಜಾಗಕ್ಕೇ ಲೆಕ್ಕ ಹಾಕಿ ಮಾಡಿದ್ದು. ಅಗ್ಗದ ಎಲ್‌ಇಡಿಯಲ್ಲಿ ಚಿಪ್ಪುಗಳು ದಪ್ಪ ಹಲಗೆಯ ಎರಡು ಬದಿಗೆ ಅಂಟಿರುತ್ತವೆ, ಬೆಳಕು ಹುಟ್ಟುವ ಜಾಗವೇ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಪರಿಣಾಮ, ಗಾಡಿ ಮುಂದಿನ ಹತ್ತು ಮೀಟರ್ ಹಾಲು ಚೆಲ್ಲಿದ ಹಾಗೆ ಬೆಳಗುತ್ತದೆ, ಆಮೇಲೆ ಏನೂ ಇಲ್ಲ. ಹತ್ತಿರದ ಆ ಬೆಳಕಿಗೇ ನಮ್ಮ ಕಣ್ಣಿನ ಪಾಪೆ ಕುಗ್ಗಿ ದೂರದ್ದು ಇನ್ನೂ ಕಾಣದಾಗುತ್ತದೆ. ಎದುರಿನವನ ಕಣ್ಣಿಗೆ ಮಾತ್ರ ನೇರ ಚುಚ್ಚುತ್ತದೆ. ದ್ವಿಪಥ ರಸ್ತೆಯಲ್ಲಿ ಎದುರಿನ ಲಾರಿ ಡ್ರೈವರ್ ಕಣ್ಣು ಕತ್ತಲಾದರೆ ಮೊದಲ ಅಪಾಯ ನಮಗೇ.

ಕಂಪನಿಯ ವಿವರಕ್ಕೆ ಹೊರತಾದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 2024ರ ಜುಲೈನಿಂದ ನಮ್ಮ ರಾಜ್ಯದಲ್ಲಿ ಕಣ್ಣು ಕುಕ್ಕುವ ಲೈಟುಗಳ ಮೇಲೆ ಪೊಲೀಸರು ಕೇಸ್ ಹಾಕುತ್ತಲೂ ಇದ್ದಾರೆ.

ರಿಲೇ ಆದ ಮೇಲೆ ಲೈಟ್ ಬೀಳುವ ಎತ್ತರ ಹೊಂದಿಸುವ ಕೆಲಸ ಬಿಡಲೇಬೇಡಿ. ಮುಕ್ಕಾಲು ಪಾಲು ಗಾಡಿಗಳಲ್ಲಿ ಇದನ್ನು ಯಾರೂ ನೋಡಿರುವುದಿಲ್ಲ. ಎರಡೂ ಟೈರಿಗೆ ಸರಿಯಾದ ಗಾಳಿ ಇರಲಿ. ಸಮತಟ್ಟು ನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರಕ್ಕೆ ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ತೆಗೆದು ನೀವು ಕೂತು, ಗಾಡಿ ನೆಟ್ಟಗೆ ಹಿಡಿಯಿರಿ. ಇನ್ನೊಬ್ಬರು ನೆಲದಿಂದ ಬಲ್ಬಿನ ನಡುಮಧ್ಯದ ಎತ್ತರ ಅಳೆದು ಗೋಡೆಗೆ ಅಷ್ಟೇ ಎತ್ತರದಲ್ಲಿ ಟೇಪ್ ಅಂಟಿಸಲಿ. ಡಿಮ್ ಹಾಕಿದಾಗ ಬೆಳಕಿನ ಮೇಲಿನ ಗೆರೆ ಆ ಟೇಪಿಗಿಂತ 5–7 ಸೆಂ.ಮೀ. ಕೆಳಗಿರಬೇಕು. ಬಲ್ಬ್ 90 ಸೆಂ.ಮೀ. ಎತ್ತರದಲ್ಲಿದ್ದು 6 ಸೆಂ.ಮೀ. ಇಳಿಸಿದರೆ ಗೆರೆ ನೆಲ ಮುಟ್ಟುವುದು 75 ಮೀಟರಿನಲ್ಲಿ. ನಮ್ಮಲ್ಲಿ ಎಡಗಡೆ ಸಂಚಾರ, ಹಾಗಾಗಿ ಗೆರೆ ಎಡಕ್ಕೆ ಸ್ವಲ್ಪ ಮೇಲೇರಬೇಕು. ಬಲಕ್ಕೆ ಏರುತ್ತಿದ್ದರೆ ಆ ಡೂಮ್ (ರಿಫ್ಲೆಕ್ಟರ್, ಗಾಜು ಸೇರಿದ ಹೆಡ್‌ಲೈಟ್ ಭಾಗ) ಬಲಗಡೆ ಸಂಚಾರದ ದೇಶಕ್ಕೆ ಮಾಡಿದ್ದು. ಎಷ್ಟು ಚೆಂದ ಕಂಡರೂ ಅದು ಬೇಡ.

ಹಿಂದೆ ಜನ ಕೂತಾಗ ಏನಾಗುತ್ತದೆ ಎಂಬ ಲೆಕ್ಕವೂ ಇರಲಿ. ಚಕ್ರಗಳ ನಡುವಿನ ಅಂತರ ಸುಮಾರು 1.37 ಮೀಟರ್. ಹಿಂದಿನ ಸಸ್ಪೆನ್ಷನ್ 3 ಸೆಂ.ಮೀ. ಕುಸಿದರೆ 5 ಮೀಟರಿನಲ್ಲಿ ಗೆರೆ 11 ಸೆಂ.ಮೀ. ಮೇಲೇಳುತ್ತದೆ. ಅಂದರೆ ನೀವು ಇಳಿಸಿದ 6 ಸೆಂ.ಮೀ. ಪೂರ್ತಿ ಹೋಗಿ ಬೆಳಕು ಮುಗಿಲು ನೋಡುತ್ತದೆ. ಜೋಡಿಯಾಗಿ ಹೋಗುವ ದಿನ ಹಿಂದಿನ ಶಾಕ್‌ನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಏರಿಸಿ, ಇಲ್ಲವೇ ಜೋಡಿಯಾಗಿ ಕೂತೇ ಲೈಟ್ ಹೊಂದಿಸಿ.

ವೇಗದ ಮಾತು: 60 ಕಿ.ಮೀ. ವೇಗದಲ್ಲಿ ಕಂಡು, ಬ್ರೇಕ್ ಹಿಡಿದು, ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 48 ಮೀಟರ್ ಬೇಕು. 80ಕ್ಕೆ 74 ಮೀಟರ್. ಎಲ್ಲ ಸರಿಯಿದ್ದರೂ ಡಿಮ್‌ನಲ್ಲಿ 80 ಎನ್ನುವುದು ಬೆಳಕಿನ ಅಂಚಿನಲ್ಲೇ ಓಡಿಸಿದ ಹಾಗೆ. ಲಾರಿ ಎದುರಾದಾಗ ಅದರ ಲೈಟ್ ನೋಡದೆ ಎಡಗಡೆಯ ಬಿಳಿ ಪಟ್ಟೆಯ ಮೇಲೆ ಕಣ್ಣಿಡಿ. ಹೆಲ್ಮೆಟ್ ಗಾಜು ಗೀರಿದ್ದರೆ ಬದಲಿಸಿ, ಪ್ರತಿ ಗೀರೂ ಎದುರಿನ ಲೈಟನ್ನು ನಕ್ಷತ್ರದ ಹಾಗೆ ಹರಡುತ್ತದೆ.

---

ತುಮಕೂರು_ಸ್ಪ್ಲೆಂಡರ್

ಹಳೆ ಸ್ಪ್ಲೆಂಡರಿಗೂ ಇದೇ ರಿಲೇ ಹಾಕಬಹುದೇ ಅಣ್ಣ? ನನ್ನದರಲ್ಲಿ ಆಕ್ಸಿಲರೇಟರ್ ಕೊಟ್ಟರೆ ಬೆಳಕು ಏರುತ್ತದೆ, ಬಿಟ್ಟರೆ ಇಳಿಯುತ್ತದೆ.

---

ವೈರಿಂಗ್_ಮೇಷ್ಟ್ರು

ಹಾಗೇ ಹಾಕಬೇಡಿ. ನಿಮ್ಮ ಹೆಡ್‌ಲೈಟ್ ಬ್ಯಾಟರಿಯದಲ್ಲ, ಎಂಜಿನ್‌ನ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರ ಎಸಿಯಲ್ಲಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಉರಿಯುತ್ತದೆ. ಡಿಸಿ ರಿಲೇಗೆ ಎಸಿ ಕೊಟ್ಟರೆ ಗರಗರ ಎಂದು ಬಡಿದುಕೊಂಡು ಕಾಂಟ್ಯಾಕ್ಟ್ ಸುಡುತ್ತದೆ. ಬ್ಯಾಟರಿಗೆ ತಿರುಗಿಸಿದರೂ ಚಾರ್ಜಿಂಗ್ ಸಾಲದೆ ಕೆಲವೇ ದಿನಕ್ಕೆ ಬ್ಯಾಟರಿ ಮಲಗುತ್ತದೆ. ನೀವು ಕಪ್ಲರ್ (ವೈರ್ ಜೋಡಿಸುವ ಕನೆಕ್ಟರ್), ಸ್ವಿಚ್ ಕಾಂಟ್ಯಾಕ್ಟ್, ಅರ್ಥ್ ಬೋಲ್ಟ್ ಮೂರನ್ನೂ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಸಿರು ಕಿಲುಬು ತೆಗೆದು ಬಿಗಿ ಮಾಡಿ. ಹಳೆಯ ಬಲ್ಬ್ ಕಪ್ಪಾಗಿದ್ದರೆ ಅದೇ ವ್ಯಾಟಿನ ಹೊಸದು ಹಾಕಿ. ಮುಂದಿನ ಪ್ಲಾಸ್ಟಿಕ್ ಗಾಜು ಹಳದಿ ತಿರುಗಿದ್ದರೆ 1000, 2000, 3000 ನಂಬರಿನ ಎಮರಿ ಕಾಗದದಲ್ಲಿ ನೀರು ಹಾಕುತ್ತಾ ಕ್ರಮವಾಗಿ ತಿಕ್ಕಿ ಪಾಲಿಶ್ ಮಾಡಿ. ಒಳಗಿನ ರಿಫ್ಲೆಕ್ಟರನ್ನು ಮಾತ್ರ ಬಟ್ಟೆಯಿಂದ ಒರೆಸಬೇಡಿ, ಬೆಳ್ಳಿಬಣ್ಣದ ಲೇಪವೇ ಎದ್ದು ಬರುತ್ತದೆ.

---

ಹಾಸನ_350

ರಿಲೇ ಹಾಕಿಸಿ ಅಳೆದೆ. ಬ್ಯಾಟರಿ 13.9, ಹೋಲ್ಡರ್ 13.5. ಇಂಡಿಕೇಟರ್ ಜೊತೆ ಮಿಣುಕುವುದು ನಿಂತಿದೆ. ಗೋಡೆಯಲ್ಲಿ ಗೆರೆ ಟೇಪಿಗಿಂತ 4 ಸೆಂ.ಮೀ. ಮೇಲಿತ್ತು, ಈಗ 6 ಕೆಳಗೆ ತಂದಿದ್ದೇನೆ. ಮಂಜಿಗೆ ಫಾಗ್ ಲ್ಯಾಂಪ್ ಬೇಕೇ ಎಂಬುದೊಂದೇ ಉಳಿದಿದೆ.

---

ಘಾಟಿ_ದಾರಿ

ಚಾರ್ಮಾಡಿ, ಆಗುಂಬೆ ಕಡೆಗೂ ಹೋಗುವುದಿದ್ದರೆ ಉಪಯೋಗ ಇದೆ. ಹೆಡ್‌ಲೈಟಿಗಿಂತ ಆದಷ್ಟು ಕೆಳಗೆ ಕಟ್ಟಿ. ಮಂಜಿನಲ್ಲಿ ಕಣ್ಣಿನ ಮಟ್ಟಕ್ಕೆ ಹತ್ತಿರದ ಲೈಟ್ ನಮ್ಮ ಮುಖಕ್ಕೇ ವಾಪಸ್ ಬಡಿಯುತ್ತದೆ, ಬ್ರೈಟ್ ಹಾಕಿದರೆ ಬಿಳಿ ಗೋಡೆ ಎದ್ದು ನಿಲ್ಲುವುದು ಅದಕ್ಕೇ. ಅಗಲಕ್ಕೆ ಹರಡುವ, ಮೇಲ್ಗಡೆ ಸ್ಪಷ್ಟ ಗೆರೆ ಇರುವ ಜೋಡಿ ತೆಗೆದುಕೊಳ್ಳಿ, ಸ್ಪಾಟ್ ಬೇಡ. ತಲಾ 20 ವ್ಯಾಟ್ ಮೀರುವುದು ಬೇಡ. ಪ್ರತ್ಯೇಕ ರಿಲೇ, ಪ್ರತ್ಯೇಕ 10 ಆಂಪಿಯರ್ ಫ್ಯೂಸ್, ಕೈಗೆ ಸಿಗುವ ಸ್ವಿಚ್. ಕಾಯಿಲ್‌ನ ಪ್ಲಸ್ಸನ್ನು ಕೀ ಆನ್ ಆದಾಗ ಮಾತ್ರ ಕರೆಂಟ್ ಬರುವ ವೈರಿನಿಂದ ತೆಗೆಯಿರಿ, ಇಲ್ಲವಾದರೆ ಮರೆತು ಹೋದ ರಾತ್ರಿ ಬ್ಯಾಟರಿ ಖಾಲಿ. ಎಲ್ಲವನ್ನೂ ಒಟ್ಟಿಗೆ ಹಚ್ಚಿ 3000 ಆರ್‌ಪಿಎಂನಲ್ಲಿ ಬ್ಯಾಟರಿ ಅಳೆಯಿರಿ. 13.3ಕ್ಕಿಂತ ಕೆಳಗಿಳಿದರೆ ಲೋಡ್ ಹೆಚ್ಚಾಯಿತು ಎಂದು ತಿಳಿಯಿರಿ. ಮಂಜು ಕಳೆದ ಕೂಡಲೇ ಆಫ್ ಮಾಡಿ.

---

ವೈರಿಂಗ್_ಮೇಷ್ಟ್ರು

13.5 ಅಂದರೆ ಚೆನ್ನಾಗಿ ಬಂದಿದೆ. ಒಂದು ಹೇಳಲು ಮರೆತಿದ್ದೆ: ರಿಲೇಗಳ ಪಿನ್ನುಗಳು ಕೆಳಮುಖವಾಗಿವೆಯೇ ನೋಡಿ. ಮೇಲ್ಮುಖ ಇದ್ದರೆ ಮಳೆ ನೀರು ವೈರ್ ಹಿಡಿದು ಇಳಿದು ಸಾಕೆಟ್ಟಿನಲ್ಲೇ ನಿಲ್ಲುತ್ತದೆ, ಒಂದು ಮಳೆಗಾಲಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ವಾರ ಓಡಿಸಿದ ಮೇಲೆ ಫ್ಯೂಸ್ ಹೋಲ್ಡರನ್ನು ಮುಟ್ಟಿ ನೋಡಿ. ಬಿಸಿ ಇದ್ದರೆ ಲಗ್ ಸರಿಯಾಗಿ ಒತ್ತಿಲ್ಲ, ಬಿಚ್ಚಿ ಮತ್ತೆ ಒತ್ತಿಸಿ.