ಸಹಾಯ ಬೇಕು: ಭುಜ್‌ನಿಂದ ಬಂದ ಅಮೋನೈಟ್ ಯಾವ ಪದರದ್ದು?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವಳು. ಕಛ್‌ನ ಭುಜ್‌ನಲ್ಲಿ ಕೆಲಸದಲ್ಲಿದ್ದ ನಮ್ಮ ದೊಡ್ಡಪ್ಪ ತಂದಿಟ್ಟಿದ್ದ ಒಂದು ಅಮೋನೈಟ್ (ಸುರುಳಿ ಚಿಪ್ಪಿನ ಪ್ರಾಚೀನ ಕಡಲಜೀವಿಯ ಪಳೆಯುಳಿಕೆ) ಅಟ್ಟದ ಟ್ರಂಕಿನಲ್ಲಿ ಸಿಕ್ಕಿತು. ದೊಡ್ಡಪ್ಪ ಈಗ ಇಲ್ಲ. ಸುತ್ತಿದ್ದ ಕಾಗದದಲ್ಲಿ ‘ಭುಜ್ ಹತ್ತಿರ’ ಅಂತ ಮಾತ್ರ ಇದೆ. ನಮ್ಮ ಕಡೆ ಮುರಕಲ್ಲು, ಕರಿಕಲ್ಲು ಬಿಟ್ಟರೆ ಇಂಥದ್ದು ಕಾಣುವುದಿಲ್ಲ, ಹಾಗಾಗಿ ಹೋಲಿಸಿ ನೋಡಲು ಏನೂ ಇಲ್ಲ.

ಅಗಲ 9 ಸೆಂ.ಮೀ. ಚಪ್ಪಟೆ ಸುರುಳಿ, ಒಳಗಿನ ಸುತ್ತುಗಳೆಲ್ಲ ಚೆನ್ನಾಗಿ ಕಾಣುತ್ತವೆ. ಪ್ರತಿ ಏಣು ಹೊರಗಿನ ಅಂಚಿನ ಹತ್ತಿರ ಎರಡಾಗಿ ಸೀಳುತ್ತದೆ. ಒಂದು ಕಡೆ ಚಿಪ್ಪು ಸವೆದು ಜರೀಗಿಡದ ಎಲೆಯಂಥ ಗೆರೆಗಳು ಎದ್ದಿವೆ, ನೋಡ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ! ಮ್ಯಾಕ್ರೊಸೆಫಲೈಟಿಸ್ ಎಂಬ ಬಗೆಯ ಅಮೋನೈಟ್ ಆಗಿದ್ದರೆ ದಪ್ಪಗಿದ್ದು ನಡುವಿನ ಗುಳಿ ಕಿರಿದಾಗಿರಬೇಕಿತ್ತು ಅಲ್ವಾ? ಅದಕ್ಕೆ ಪೆರಿಸ್ಫಿಂಕ್ಟಿಸ್ ಗುಂಪು ಅಂದುಕೊಂಡೆ.

ಆದರೆ ಆ ಗುಂಪಿನವು ಜುರಾಸಿಕ್ ಯುಗದ ಕ್ಯಾಲೋವಿಯನ್, ಅದರ ನಂತರದ ಆಕ್ಸ್‌ಫರ್ಡಿಯನ್ ಎರಡೂ ಕಾಲದ ಪದರಗಳಲ್ಲಿ ಸಿಗುತ್ತವೆ. ಸಿಕ್ಕಿಬಿದ್ದದ್ದು ಇಲ್ಲೇ. ಹಿಂಬದಿಗೆ ಅಂಟಿದ ಕಲ್ಲಿನಲ್ಲಿ ಸಾಸಿವೆಗಿಂತ ಸಣ್ಣ ಉರುಟು ಕಾಳುಗಳಿವೆ. ನಿಂಬೆರಸ ಒಂದು ಹನಿ ಬಿಟ್ಟೆ, ಸಣ್ಣಗೆ ನೊರೆ ಬಂತು. ಅಂದರೆ ಸುಣ್ಣ ಇದೆ. ಬಣ್ಣ ತುಕ್ಕಿನಂಥ ಕಂದು, ಹೊಸದಾಗಿ ಒಡೆದ ಒಂದು ಮೂಲೆಯಲ್ಲಿ ತುಸು ಹಸಿರು. ಸುಮಾರು 16 ಕೋಟಿ ವರ್ಷ ಹಳೆಯ ಧೋಸಾ ಊಲೈಟ್ (ಇಂಥ ಉರುಟು ಕಾಳುಗಳಿರುವ ಸುಣ್ಣದ ಕಲ್ಲಿನ ಪದರ) ಇರಬಹುದಾ ಅಂತ ಆಸೆ. ಆದರೆ ಅದಕ್ಕಿಂತ ಕೆಳಗೆ ಗೋಲ್ಡನ್ ಊಲೈಟ್ ಕೂಡ ಇದೆ, ಅದರಲ್ಲೂ ಇಂಥ ಕಾಳುಗಳೇ.

ಕಛ್‌ನ ಕಲ್ಲು ನೋಡಿದವರು ದಯವಿಟ್ಟು ಹೇಳಿ: ಕಾಳಿನ ಬಣ್ಣ ನೋಡಿ ಈ ಎರಡು ಪದರಗಳನ್ನು ಬೇರೆ ಮಾಡಬಹುದಾ, ಅಥವಾ ಏಣು ಸೀಳುವ ರೀತಿಯನ್ನೇ ನೋಡಬೇಕಾ? ಯಾವ ಭಾಗದ ಫೋಟೋ ಹಾಕಲಿ?